ಹವಾಮಾನ ಬೇರೆ, ಹವಾಗುಣ ಬೇರೆ

ಈ ಗೊಂದಲದಲ್ಲಿ ಅರ್ಧ ತಪ್ಪು ನಮ್ಮ ಪತ್ರಿಕೆ, ಟಿವಿಗಳದ್ದೇ. ನಾಳೆ ಮಳೆ ಬರುತ್ತಾ ಅನ್ನೋದೂ ‘ಹವಾಮಾನ’ ವರದಿ, ನೂರು ವರ್ಷದಲ್ಲಿ ಭೂಮಿ ಕಾದಿದ್ದೂ ‘ಹವಾಮಾನ’ ಬದಲಾವಣೆ. ಎರಡನೆಯದಕ್ಕೆ ‘ಹವಾಗುಣ’ ಅನ್ನೋ ಚೆಂದದ ಪದ ಶಾಲೆಯ ಭೂಗೋಳದಲ್ಲೇ ಇತ್ತು, ಅಲ್ಲೇ ಬಿಟ್ಟು ಬಂದೆವು. ಹಾಗಾಗಿ ಜನವರಿಯಲ್ಲಿ ನಾಲ್ಕು ದಿನ ಸ್ವೆಟರ್ ಹೊರಬಂದರೆ ಸಾಕು, ‘ಎಲ್ಲಪ್ಪಾ ನಿಮ್ಮ ತಾಪಮಾನ ಏರಿಕೆ?’ ಅಂತ ಶುರು.

2024ನ್ನೇ ನೋಡಿ. ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ, ‘ಮುಗೀತು ಬೆಂಗಳೂರಿನ ಕಥೆ’ ಅಂದ್ರು. ಜೂನ್ 2ಕ್ಕೆ ಒಂದೇ ದಿನ 111.1 ಮಿ.ಮೀ. ಮಳೆ, ‘ಸುಮ್ನೆ ಹೆದರಿಸಿದ್ರು’ ಅಂದ್ರು. ಐದು ವಾರದಲ್ಲಿ ಎರಡು ತೀರ್ಪು, ಆಧಾರ ಒಂದೊಂದೇ ದಿನ. ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು, ಯಾಕಂದ್ರೆ ಪಾತ್ರೆಯ ಅಗುಳೆಲ್ಲ ಒಂದೇ ನೀರಲ್ಲಿ ಒಂದೇ ಹೊತ್ತು ಬೆಂದಿರುತ್ತೆ. ಆಕಾಶ ಹಾಗಲ್ಲ.

ಹವಾಮಾನ ಇಲಾಖೆ ಉಷ್ಣಾಂಶವನ್ನು 1991–2020ರ ಮೂವತ್ತು ವರ್ಷದ ಸರಾಸರಿಗೆ ಹೋಲಿಸುತ್ತೆ. ಮುಂಗಾರಿನ ‘ವಾಡಿಕೆ’ 1971–2020ರ ಐವತ್ತು ವರ್ಷದ್ದು, ಇಡೀ ದೇಶಕ್ಕೆ 87 ಸೆಂ.ಮೀ. ಇಷ್ಟು ಉದ್ದ ಯಾಕೆ? ಪೆಸಿಫಿಕ್ ಸಾಗರದ ಮೇಲ್ನೀರು ವಾಡಿಕೆಗಿಂತ ಬಿಸಿಯಾಗೋ ಎಲ್ ನಿನೋ ಎರಡರಿಂದ ಏಳು ವರ್ಷಕ್ಕೊಮ್ಮೆ ತಲೆ ಹಾಕುತ್ತೆ. ಹತ್ತೇ ವರ್ಷ ತಗೊಂಡರೆ ಅದರ ಏರಿಳಿತದಲ್ಲೇ ಲೆಕ್ಕ ಮುಳುಗಿಹೋಗುತ್ತೆ. 1998 ಅಂಥ ಜೋರಾದ ಎಲ್ ನಿನೋ ವರ್ಷ. ಅಲ್ಲಿಂದ 2012ಕ್ಕೆ ಗೆರೆ ಎಳೆದು ‘ಬಿಸಿ ಏರೋದು ನಿಂತೇಹೋಯ್ತು’ ಅಂತ ತೋರಿಸಿದವರಿದ್ದಾರೆ. ಅದೇ ಗೆರೆಯನ್ನು 1970ರಿಂದ ಎಳೀರಿ, ಮೇಲಕ್ಕೇ ಹೋಗುತ್ತೆ.

ಅಂದಹಾಗೆ, ಕಾರಿನ ಡ್ಯಾಶ್‌ಬೋರ್ಡಿನ ‘42’ ಫೋಟೋ ದಯವಿಟ್ಟು ಹಾಕಬೇಡಿ. ಆ ಸೆನ್ಸರ್ ಸಾಮಾನ್ಯವಾಗಿ ಮುಂದಿನ ಬಂಪರ್ ಹತ್ತಿರ ಇರುತ್ತೆ, ಸಿಗ್ನಲ್ಲಲ್ಲಿ ನಿಂತಾಗ ಟಾರು ರಸ್ತೆ ಮತ್ತು ಎಂಜಿನ್ನಿನ ಕಾವನ್ನೂ ಸೇರಿಸಿ ಹೇಳುತ್ತೆ. ಇಲಾಖೆಯ ತಾಪಮಾಪಕ ಇರೋದು ಗಾಳಿಯಾಡುವ ಓರೆಪಟ್ಟಿಗಳ ಬಿಳಿ ಪೆಟ್ಟಿಗೆಯಲ್ಲಿ, ನೆರಳಲ್ಲಿ, ಹುಲ್ಲುನೆಲದಿಂದ ನಾಲ್ಕಡಿಗಿಂತ ಮೇಲೆ.

ಇನ್ನು ಭೂಮಿ ಕಾಯ್ತಿದೆ ಅನ್ನೋ ನಮ್ಮ ಕಡೆಯವರೂ ಕಮ್ಮಿಯಿಲ್ಲ. 2024ರಲ್ಲಿ ಭೂಮಿಯ ಸರಾಸರಿ ಕೈಗಾರಿಕಾಪೂರ್ವ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಏರಿದ ಕೂಡಲೇ ‘ಪ್ಯಾರಿಸ್ ಒಪ್ಪಂದ ಸತ್ತಿತು’ ಅಂತ ಬರೆದರು. ಏರಿಕೆ ದಾಟದಂತೆ ಯತ್ನಿಸೋಣ ಅಂತ ದೇಶಗಳು ಆ ಒಪ್ಪಂದದಲ್ಲಿ ಹಾಕಿಕೊಂಡ 1.5 ಡಿಗ್ರಿಯ ಗೆರೆ ಒಂದು ವರ್ಷದ್ದಲ್ಲ, ದಶಕಗಳ ಸರಾಸರಿಯದ್ದು. ನೆರೆ ಬಂದಾಗಲೂ ಇದೇ ಪಾಡು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಸುರಿದಾಗ ಜೋರಾಗಿ ಸುರಿಯುತ್ತೆ, ಒಪ್ಪೋಣ. ಆದರೆ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅಲ್ಲಿ ಮಳೆನೀರು ಹರಿಯೋ ರಾಜಕಾಲುವೆ ಮುಚ್ಚಿದ್ದು ಕಾರ್ಬನ್ ಡೈಆಕ್ಸೈಡ್ ಅಲ್ಲ. ಅದನ್ನೂ ಹವಾಗುಣದ ಖಾತೆಗೆ ಬರೆದರೆ ಮೊದಲು ನೆಮ್ಮದಿಯ ನಿಟ್ಟುಸಿರು ಬಿಡೋರು ಒತ್ತುವರಿ ಮಾಡಿದವರು.