ಅಂಗಿಯ ಬೆನ್ನಿನ 79

ಬೆನ್ನ ಮೇಲಿನ ನಂಬರೂ ಹಣೆಬರಹದ ಹಾಗೆ, ಹೊತ್ತವನ ಕಣ್ಣಿಗೆ ಬೀಳುವುದಿಲ್ಲ. ಊರಿಗೆಲ್ಲ ಕಾಣುತ್ತದೆ ಅನ್ನುವುದಷ್ಟೇ ವ್ಯತ್ಯಾಸ.

ಬೇಸ್‌ಬಾಲಿನಲ್ಲಿ ನಂಬರಿಗೂ ಅಂತಸ್ತುಂಟು. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬ್ಯಾಟಿಂಗಿಗೆ ಇಳಿಯುವ ಕ್ರಮ ನೋಡಿ ನಂಬರು ಹಂಚಿತು: ಬೇಬ್ ರೂತ್‌ಗೆ 3, ಲೂ ಗೆರಿಗ್‌ಗೆ 4. ಸಣ್ಣ ನಂಬರು ದೊಡ್ಡವರದಾಯಿತು. ಎಪ್ಪತ್ತರಾಚೆಯವು ಸಾಮಾನ್ಯವಾಗಿ ಮಾರ್ಚ್ ತಿಂಗಳ ಅಭ್ಯಾಸಕ್ಕೆ ಬಂದು, ಏಪ್ರಿಲ್ ಹೊತ್ತಿಗೆ ಗಂಟುಮೂಟೆ ಕಟ್ಟುವ ಹುಡುಗರ ಪಾಲು. ಕ್ಯೂಬಾದ ದಾಂಡಿಗ ಹೊಸೆ ಅಬ್ರೆಯು ಬೇಕೆಂದೇ 79 ಹಾಕಿಕೊಂಡವನು. ಜನ ಮರೆಯದಿರಲಿ ಅಂತ ಅವನ ಅಮ್ಮ ಸೂಚಿಸಿದ್ದಂತೆ.

ಜನ ಮೊದಲು ನೆನಪಿಟ್ಟುಕೊಂಡದ್ದು ಇನ್ನೊಂದು ಸಂಖ್ಯೆ: .453. 2010–11ರ ಕ್ಯೂಬಾ ರಾಷ್ಟ್ರೀಯ ಸರಣಿಯಲ್ಲಿ ಸಿಯೆನ್‌ಫ್ಯೂಗೋಸ್ ಪರ 66 ಪಂದ್ಯಗಳಲ್ಲಿ ಅವನ ಸರಾಸರಿ ಅದು. ಜೊತೆಗೆ 33 ಹೋಮ್ ರನ್, ಅಂದರೆ ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿ ಬಂದದ್ದು. ಕ್ರಿಕೆಟ್ಟಿನ ಸರಾಸರಿಯನ್ನು ಇಲ್ಲಿ ತರಬೇಡಿ. ಇಲ್ಲಿ ರನ್ನಿನ ಲೆಕ್ಕವಿಲ್ಲ. ಹಿಟ್‌ಗಳನ್ನು (ಹೊಡೆದು ಬೇಸ್ ಮುಟ್ಟಿದ್ದನ್ನು) ಬ್ಯಾಟಿಂಗ್ ಸರದಿಗಳಿಂದ ಭಾಗಿಸಬೇಕು. ಗುರಿ ತಪ್ಪಿ ಬಂದ ನಾಲ್ಕು ಚೆಂಡು ಬಿಟ್ಟು ಮೊದಲ ಬೇಸಿಗೆ ನಡೆದುಹೋದರೆ, ಚೆಂಡು ಮೈಗೆ ತಗುಲಿದರೆ ಆ ಸರದಿ ಲೆಕ್ಕಕ್ಕಿಲ್ಲ. ಹತ್ತಕ್ಕೆ ಮೂರು ಬಂದರೆ ಒಳ್ಳೆಯ ಬ್ಯಾಟರ್. ನಾಲ್ಕೂವರೆ ಅಂದರೆ ಮಾಪಕವೇ ಕೆಟ್ಟಿದೆಯೇನೋ ಅನ್ನಿಸಬೇಕು.

ಅಮೆರಿಕದವರಿಗೂ ಹಾಗೇ ಅನ್ನಿಸಿತು. ಕ್ಯೂಬಾದಲ್ಲಿ ಆಟಗಾರ ತನ್ನ ಪ್ರಾಂತ್ಯದ ತಂಡಕ್ಕೇ ಆಡುವುದು ರೂಢಿ. ಹಾಗಾಗಿ ಒಳ್ಳೆಯ ಪಿಚರ್‌ಗಳು (ಚೆಂಡೆಸೆಯುವವರು) ದೇಶದ ತುಂಬ ಚದುರಿಹೋಗಿರುತ್ತಾರೆ, ಬ್ಯಾಟರ್‌ಗೆ ದಿನಾ ಎದುರಾಗುವುದಿಲ್ಲ. ಮೈಗೆ ಒತ್ತಿ ಬರುವ ವೇಗದ ಚೆಂಡಿಗೆ ಇವನ ಬ್ಯಾಟು ತಡವಾದೀತು ಎಂಬ ಅನುಮಾನ ಬೇರೆ. ಪಿಚರ್ ನಿಲ್ಲುವ ದೂರ 60 ಅಡಿ 6 ಅಂಗುಲ; ಗಂಟೆಗೆ 95 ಮೈಲಿ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಒಳಗೆ ಬರುವ ಚೆಂಡನ್ನು ಇನ್ನೂ ಮುಂದೆಯೇ ಎದುರುಗೊಳ್ಳಬೇಕು. ತಡವಾದರೆ ಅದು ಹಿಡಿಕೆಯ ಹತ್ತಿರ ಬಡಿಯುತ್ತದೆ, ಅಲ್ಲಿ ಮರ ತೆಳು, ಬ್ಯಾಟು ಎರಡು ತುಂಡು.

ಕ್ಯೂಬಾದಿಂದ ನೆಟ್ಟಗೆ ಅಮೆರಿಕಕ್ಕೆ ಬಂದವನು ಡ್ರಾಫ್ಟಿಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಸಿಕ್ಕಿ, ಆರಿಸಿದ ಒಂದೇ ತಂಡದ ಜೊತೆ ಚೌಕಾಶಿ ಮಾಡಬೇಕು. ಮೂರನೆಯ ದೇಶದಲ್ಲಿ ನೆಲೆ ತೋರಿಸಿದರೆ ಎಲ್ಲ ತಂಡಗಳೂ ಬೆಲೆ ಕೂಗಬಹುದು. ಹಾಗಾಗಿ ಅಬ್ರೆಯು 2013ರ ಆಗಸ್ಟಿನಲ್ಲಿ ಹೈಟಿಗೆ ಹೋದ. ಅಲ್ಲಿಂದ ಮಯಾಮಿಗೆ ಹಾರುವಾಗ ಸುಳ್ಳು ಪಾಸ್‌ಪೋರ್ಟಿನ ಮೊದಲ ಪುಟವನ್ನು ಚೂರುಚೂರಾಗಿ ಬಿಯರಿನ ಜೊತೆ ನುಂಗಿದೆ ಎಂದು 2017ರಲ್ಲಿ ಕೋರ್ಟಿನಲ್ಲಿ ತಾನೇ ಹೇಳಿದ. (ನೆಂಚಿಕೊಳ್ಳಲು ಕಾಗದ!) 2013ರ ಅಕ್ಟೋಬರಿನಲ್ಲಿ ಚಿಕಾಗೊ ವೈಟ್ ಸಾಕ್ಸ್ ತಂಡ ಆರು ವರ್ಷಕ್ಕೆ 68 ಮಿಲಿಯನ್ ಡಾಲರ್ ಕೊಟ್ಟಿತು. ಪುಟ್ಟ ಮಗ ಕ್ಯೂಬಾದಲ್ಲೇ ಉಳಿದ. ಅಪ್ಪ ಮಗ ಮತ್ತೆ ಮುಖ ನೋಡಿದ್ದು 2015ರ ಡಿಸೆಂಬರಿನಲ್ಲಿ.

2014ರ ಲೆಕ್ಕವನ್ನು ಕಾಗದದ ಮೇಲೇ ಹಾಕಿ ನೋಡಬಹುದು. 556 ಸರದಿ, 176 ಹಿಟ್: .317. ದಾಂಡಿಗನ ನಿಜವಾದ ತೂಕ ಮಾತ್ರ ಇನ್ನೊಂದು ತಕ್ಕಡಿಯಲ್ಲಿದೆ, ಅದು ಸ್ಲಗ್ಗಿಂಗ್. ಎಷ್ಟು ಬೇಸ್ ಸಿಕ್ಕಿತೆಂದು ಎಣಿಸುತ್ತದೆ. 103 ಸಿಂಗಲ್, 35 ಡಬಲ್, 2 ಟ್ರಿಪಲ್, 36 ಹೋಮ್ ರನ್. ಒಂದು, ಎರಡು, ಮೂರು, ನಾಲ್ಕರಿಂದ ಗುಣಿಸಿ ಕೂಡಿದರೆ 323. ಅದನ್ನು 556ರಿಂದ ಭಾಗಿಸಿದರೆ .581. ಆ ವರ್ಷ ಇಡೀ ಮೇಜರ್ ಲೀಗ್‌ನಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಅದೂ ಕಣಕಾಲಿನ ನೋವಿಗೆ ಮೇ ತಿಂಗಳಲ್ಲಿ ಎರಡು ವಾರ ಕೂತೆದ್ದವನದು. ವರ್ಷದ ಹೊಸಬ ಪ್ರಶಸ್ತಿಗೆ ಒಂದು ಮತವೂ ಆಚೀಚೆ ಹೋಗಲಿಲ್ಲ.

2020ರಲ್ಲಿ ಕೋವಿಡ್ ಋತುವನ್ನು 60 ಪಂದ್ಯಕ್ಕೆ ಕತ್ತರಿಸಿತು. ಇವನು ಅರವತ್ತನ್ನೂ ಆಡಿ, ತನ್ನ ಹೊಡೆತದಿಂದ ತಂಡಕ್ಕೆ ರನ್ ತಂದದ್ದೂ ಸರಿಯಾಗಿ 60. ಅಮೆರಿಕನ್ ಲೀಗಿನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದು) ಅತಿ ಮೌಲ್ಯಯುತ ಆಟಗಾರನಾದ.

ಆಮೇಲೆ ಹ್ಯೂಸ್ಟನ್ ಆಸ್ಟ್ರೋಸ್, ಅಲ್ಲೂ ಅದೇ 79. ಮೂರು ವರ್ಷಕ್ಕೆ 58.5 ಮಿಲಿಯನ್ ಡಾಲರ್. ಮೊದಲ ವರ್ಷ .237, 2024ರಲ್ಲಿ 35 ಪಂದ್ಯ ಆಡಿ .124, ಅಂದರೆ ಎಂಟು ಸರದಿಗೆ ಒಂದು ಹಿಟ್. ವಯಸ್ಸು 37. ನಡುವೆ ಅವನ ಒಪ್ಪಿಗೆ ಪಡೆದೇ ಫ್ಲಾರಿಡಾದ ತರಬೇತಿ ಮೈದಾನಕ್ಕೆ ಕಳಿಸಿ ಹೊಡೆತ ತಿದ್ದಿಸಿ ನೋಡಿದರು. ಜೂನ್‌ನಲ್ಲಿ ಕೈಬಿಟ್ಟರು. ಇಂಥ ಒಪ್ಪಂದದಲ್ಲಿ ಆಟ ನಿಂತರೂ ಸಂಬಳ ನಿಲ್ಲುವುದಿಲ್ಲ. ಉಳಿದದ್ದನ್ನು ತಂಡವೇ ತೆರಬೇಕಾಯಿತು.