ಕಾರಿಗೆ ಟೋಲ್ ಮಾಫಿ, ಬಸ್ಸಿಗೆ ಡಬಲ್ ಟಿಕೆಟ್

2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಮುಂಬಯಿಗೆ ಬರುವ ಐದೂ ಟೋಲ್ ನಾಕಾಗಳಲ್ಲಿ ಕಾರುಗಳಿಗೆ ಟೋಲ್ ಮಾಫಿ ಆಯಿತು. ವಾಶಿ, ಐರೋಳಿ, ದಹಿಸರ್, ಮುಲುಂಡ್‌ನ ಎರಡು. ಒಂದು ಸಲಕ್ಕೆ 45 ರೂಪಾಯಿ ಉಳಿಯಿತು ಅಂತ ನಮ್ಮ ಸೊಸೈಟಿಯಲ್ಲೂ ಎಲ್ಲರಿಗೂ ಖುಷಿ.

ಅದಾಗಿ ಏಳು ತಿಂಗಳೂ ತುಂಬಿರಲಿಲ್ಲ. 2025ರ ಮೇ 9ರಂದು ಮುಂಬಯಿ ಪಾಲಿಕೆಯ ಸಿಟಿ ಬಸ್ಸಾದ ಬೆಸ್ಟ್‌ನ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 10ಕ್ಕೆ ಏರಿತು. ಎಸಿ ಬಸ್ಸಿನಲ್ಲಿ 6 ಇದ್ದದ್ದು 12 ಆಯಿತು. ಬೆಸ್ಟ್ ನಷ್ಟದಲ್ಲಿದೆ, ಬೇರೆ ದಾರಿ ಇಲ್ಲ ಅಂದರು.

ದಾರಿ ಇತ್ತು ಅಂತಲೇ ನನ್ನ ವಾದ.

ನಮ್ಮ ಸೊಸೈಟಿಗೆ ಮನೆಗೆಲಸಕ್ಕೆ ಬರುವ ಒಬ್ಬ ತಾಯಿ ಯಾದಗಿರಿ ಕಡೆಯವರು. ಬರುವಾಗ ಎರಡು ಬಸ್ಸು, ಹೋಗುವಾಗ ಎರಡು. ದಿನಕ್ಕೆ 20 ರೂಪಾಯಿ ಇದ್ದದ್ದು 40 ಆಯಿತು. ತಿಂಗಳಿಗೆ 26 ದಿನ ಅಂತ ಹಿಡಿದರೂ 520 ರೂಪಾಯಿ ಜಾಸ್ತಿ. "ಒಂದ್ ಬಸ್ ಬಿಟ್ಟೀನ್ರಿ ಅಕ್ಕಾ, ನಡಕೋತ ಬರ್ತೀನಿ" ಅಂದರು. ಮಂಡಿನೋವು ಇರುವ ಹೆಂಗಸು. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ದುಡ್ಡು ಕೊಡುವ ಲಾಡಕಿ ಬಹೀಣ್ ಯೋಜನೆಯಲ್ಲಿ ತಿಂಗಳಿಗೆ 1500 ಕೊಡ್ತಾರಲ್ವಾ ಅನ್ನಬಹುದು. ಇವರ ಕಾಗದಪತ್ರ ಸರಿ ಇಲ್ಲ, ಹಾಗಾಗಿ ಒಂದು ಕಂತೂ ಬಂದಿಲ್ಲ. ದುಡ್ಡು ಬರುವವರು ಇವರ ಹಾಗೆ ನಾಲ್ಕು ಬಸ್ಸು ಹತ್ತುವವರಾದರೆ, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಈ ಟಿಕೆಟ್ ಏರಿಕೆಗೇ ವಾಪಸ್ ಹೋಗುತ್ತದೆ.

ಬಸ್ಸಿನಂಥ ಸೇವೆಗೆ ಕೊಡಬೇಕಾದ ಖರ್ಚು ಕಡಿತ ಮಾಡಿದರೆ ಯಾರ ಮನೆಗೂ ಬಿಲ್ ಬರುವುದಿಲ್ಲ, ಅದಕ್ಕೇ ಅದು ಸರ್ಕಾರಕ್ಕೆ ಸುಲಭ. ನಡೆದು ಬರುವವರ ಮಂಡಿನೋವು ಯಾವ ಬಜೆಟ್‌ನಲ್ಲೂ ಕಾಣುವುದಿಲ್ಲ. ಟ್ಯಾಕ್ಸ್ ಏರಿಸಿದರೆ ಮಾತ್ರ ನಮ್ಮಂಥವರು ಕೂಗಾಡುತ್ತೇವೆ.

ಟೋಲ್ ರಾಜ್ಯ ಸರ್ಕಾರದ್ದು, ಬಸ್ಸು ಪಾಲಿಕೆಯದ್ದು, ಎರಡನ್ನೂ ಕಲಸಬೇಡಿ ಅಂತ ಕೆಲವು ಗೆಳೆಯರು ಹೇಳುತ್ತಾರೆ. ಸರಿ, ಪಾಲಿಕೆಯ ಲೆಕ್ಕವನ್ನೇ ನೋಡೋಣ. ಸಮುದ್ರದ ಪಕ್ಕ ಕಟ್ಟಿದ ಕೋಸ್ಟಲ್ ರೋಡ್ ಪಾಲಿಕೆಯದ್ದೇ. 13 ಸಾವಿರ ಕೋಟಿಗೂ ಮೇಲೆ ಖರ್ಚಾಗಿದೆ. ಅಲ್ಲಿ ಬೈಕಿಗೂ ರಿಕ್ಷಾಕ್ಕೂ ಪ್ರವೇಶವಿಲ್ಲ. ಓಡುವುದು ಹೆಚ್ಚಾಗಿ ಕಾರುಗಳೇ, ಟೋಲ್ ಒಂದು ಪೈಸೆ ಇಲ್ಲ. 2025-26ರ ಪಾಲಿಕೆ ಬಜೆಟ್ 74,427 ಕೋಟಿ. ದುಡ್ಡಿಲ್ಲ ಅನ್ನುವ ಊರಿನ ಲೆಕ್ಕವೇ ಇದು?

ಆಸ್ತಿ ತೆರಿಗೆಯದ್ದೂ ಇದೇ ಕತೆ. 500 ಚದರ ಅಡಿವರೆಗಿನ ಮನೆಗಳಿಗೆ 2022ರಲ್ಲಿ ವಿನಾಯಿತಿ ಕೊಟ್ಟರು. ಅದು ಒಳ್ಳೆಯ ಕೆಲಸ, ಚಾಳ್‌ಗಳಲ್ಲಿರುವ ಎಷ್ಟೋ ನಮ್ಮವರಿಗೂ ಅನುಕೂಲವಾಯಿತು. ಆದರೆ 2020ರಲ್ಲಿ ಆಗಬೇಕಿದ್ದ ದರ ಪರಿಷ್ಕರಣೆಯನ್ನು ವರ್ಷಗಟ್ಟಲೆ ಮುಂದೂಡಿದರು. ಸಮುದ್ರ ಕಾಣುವ ಟವರ್‌ಗಳಲ್ಲಿ ಮನೆ ಬೆಲೆ ಏರುತ್ತಲೇ ಹೋಯಿತು, ತೆರಿಗೆ ಹಳೇ ಲೆಕ್ಕದಲ್ಲೇ ಉಳಿಯಿತು.

"ಬಡವರು ಟ್ಯಾಕ್ಸೇ ಕಟ್ಟಲ್ಲ, ನಮ್ಮ ಸಂಬಳದಿಂದಲೇ ಎಲ್ಲ" ಅನ್ನುವ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅದೇ ಯಾದಗಿರಿ ತಾಯಿ ಊರಿಗೆ ಫೋನ್ ಮಾಡಲು ರೀಚಾರ್ಜ್ ಮಾಡಿಸಿದರೆ ಅದರ ಮೇಲೂ 18% ಜಿಎಸ್‌ಟಿ. ನಾನು ಕಟ್ಟುವುದೂ 18%. ಅವರ ಗಳಿಕೆ ಎಷ್ಟು, ನನ್ನದೆಷ್ಟು? ಸಂಬಳದವರ ಕಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇಎಂಐ, ಮಕ್ಕಳ ಫೀಸು ನಮಗೂ ಇದೆ. ಆದರೂ ಕಡಿತ ಆದಾಗ ನಾವು ಓಲಾ ಹಿಡಿಯುತ್ತೇವೆ, ಪ್ರೈವೇಟ್ ಡಾಕ್ಟರ್ ಹತ್ತಿರ ಹೋಗುತ್ತೇವೆ. ಅವರಿಗೆ ಬಸ್ಸು ಬಿಟ್ಟರೆ ಕಾಲು, ಪಾಲಿಕೆಯ ಕೆಇಎಂ ಆಸ್ಪತ್ರೆ ಬಿಟ್ಟರೆ ಸಾಲ.

ಕೋಸ್ಟಲ್ ರೋಡ್‌ನಲ್ಲಿ ಕಾರುಗಳಿಗೆ ಟೋಲ್ ಹಾಕಲಿ. ದೊಡ್ಡ ಮನೆಗಳ ಆಸ್ತಿ ತೆರಿಗೆ ಏರಿಸಲಿ. ನಮ್ಮ ಮನೆಯೂ 500 ಚದರ ಅಡಿಗಿಂತ ದೊಡ್ಡದು, ಮನೆಯಲ್ಲಿ ಕಾರೂ ಇದೆ, ಆ ಬಿಲ್ ನನಗೂ ಬರಲಿ. ಆ ದುಡ್ಡು ನೇರವಾಗಿ ಬೆಸ್ಟ್‌ಗೆ ಹೋಗಲಿ, ಟಿಕೆಟ್ ಮತ್ತೆ 5 ರೂಪಾಯಿಗೆ ಇಳಿಯಲಿ. ಮುಂಬಯಿಯ ಕನ್ನಡ ಸಂಘಗಳಲ್ಲಿ ಇರುವ ಗೆಳೆಯರೇ, ನಿಮ್ಮ ವಾರ್ಡಿನ ನಗರಸೇವಕರಿಗೆ (ಕಾರ್ಪೊರೇಟರ್) ಇದನ್ನು ಬರೆದು ಕೊಡಿ. ಪತ್ರವನ್ನು ಮರಾಠಿಯಲ್ಲಿ ಬರೆದುಕೊಡಲು ನಾನು ಸಿದ್ಧ.