184 ಮತ ಬಿದ್ದದ್ದು ನಿಜ, ಕಾಯಂ ಸ್ಥಾನ ಸಿಕ್ಕಿಲ್ಲ

‘184 ದೇಶಗಳ ಬೆಂಬಲ, ಭಾರತ ಈಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕಾಯಂ ಸದಸ್ಯ, ವೀಟೋ (ನಿರ್ಣಯವನ್ನು ಒಂದೇ ದೇಶ ತಡೆಯಬಲ್ಲ) ಅಧಿಕಾರವೂ ಬಂತು’ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ತಿರುಗಿ ಬರುತ್ತದೆ. ಓದಿ ಹೆಮ್ಮೆಪಡುವುದು ಸಹಜ. ಆದರೆ ಇದರಲ್ಲಿ ಮತಗಳ ಸಂಖ್ಯೆ ಮಾತ್ರ ನಿಜ.

2020ರ ಜೂನ್ 17ರಂದು ನ್ಯೂಯಾರ್ಕ್‌ನಲ್ಲಿ ನಡೆದದ್ದು ಎರಡು ವರ್ಷದ ತಾತ್ಕಾಲಿಕ ಸ್ಥಾನದ ಚುನಾವಣೆ. ಕೊರೊನಾ ಕಾಲವಾದ್ದರಿಂದ ರಾಯಭಾರಿಗಳು ಮಾಸ್ಕ್ ಹಾಕಿಕೊಂಡು, ತಮಗೆ ಗೊತ್ತುಮಾಡಿದ್ದ ಹೊತ್ತಿಗೆ ಬಂದು ಗುಪ್ತ ಮತಪತ್ರ ಹಾಕಿ ಹೋದರು. 192 ಮತಗಳಲ್ಲಿ 184 ಭಾರತಕ್ಕೆ. ಏಷ್ಯಾ–ಪೆಸಿಫಿಕ್ ಸ್ಥಾನಕ್ಕೆ ಭಾರತವೊಂದೇ ಅಭ್ಯರ್ಥಿ. ಆ ಅವಧಿ 2022ರ ಡಿಸೆಂಬರ್‌ಗೆ ಮುಗಿದಿದೆ.

ಹಾಗಾದರೆ ಇಷ್ಟು ದೇಶಗಳು ಮನಸ್ಸು ಮಾಡಿದರೆ ಕಾಯಂ ಸ್ಥಾನ ಕೊಡಲಾಗದೇ? ಅಲ್ಲೇ ಇರುವುದು ತೊಡಕು. ಅದಕ್ಕೆ ವಿಶ್ವಸಂಸ್ಥೆಯ ಸನ್ನದನ್ನೇ ತಿದ್ದಬೇಕು. 108ನೇ ವಿಧಿಯ ಪ್ರಕಾರ 193 ಸದಸ್ಯರಲ್ಲಿ ಮೂರನೇ ಎರಡರಷ್ಟು, ಅಂದರೆ 129 ದೇಶಗಳು ಮತ ಹಾಕಬೇಕು. ಆಮೇಲೆ ಅಷ್ಟೇ ದೇಶಗಳು ತಮ್ಮಲ್ಲಿ ಅದನ್ನು ಅನುಮೋದಿಸಬೇಕು. ಆ ಪಟ್ಟಿಯಲ್ಲಿ ಈಗಿನ ಕಾಯಂ ಸದಸ್ಯರಾದ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಐದೂ ಇರಲೇಬೇಕು. ಈ ಐದರಲ್ಲಿ ಒಂದು ದೇಶ ಸುಮ್ಮನೆ ಕೂತರೂ ಸಾಕು, ಉಳಿದ 192 ದೇಶಗಳ ಒಪ್ಪಿಗೆ ನೀರುಪಾಲು. ನನ್ನ ಮಟ್ಟಿಗೆ ಇದು ಅನ್ಯಾಯ. 54 ದೇಶಗಳ ಆಫ್ರಿಕಾ ಖಂಡಕ್ಕೂ ಇಂದಿಗೂ ಒಂದೇ ಒಂದು ಕಾಯಂ ಕುರ್ಚಿ ಇಲ್ಲ.

ಮಂಡಳಿ ಹಿಗ್ಗಿದ್ದು ಒಮ್ಮೆ ಮಾತ್ರ, 1965ರಲ್ಲಿ. 11 ಇದ್ದದ್ದು 15 ಆಯಿತು. ಹೆಚ್ಚಿದ ನಾಲ್ಕೂ ತಾತ್ಕಾಲಿಕ ಸ್ಥಾನಗಳೇ.